ಪಂಪು ಮನೆಯ ಹಿಂದಿನ ಕೋಣೆ

ಗಾರೆ ಮೇಸ್ತ್ರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹಾಗಂತ ಅವನೇನು ಸತ್ಯಸಂಧನ ವಂಶದವನಲ್ಲ. ಕೆಲಸ ಮುಗಿಯಲು ವಾರ ಬೇಕಿದ್ದರೆ ನಾಳೆ ನಾಡಿದ್ದು ಅನ್ನುವುದು, ಮರಳು ಇನ್ನೂ ಹೊರಟೇ ಇಲ್ಲದಿದ್ದರೆ ದಾರಿಯಲ್ಲಿದೆ ಅನ್ನುವುದು, ಇಂಥವನ್ನೆಲ್ಲ ಅವನ ಕಸುಬಿನಲ್ಲಿ ಯಾರೂ ಸುಳ್ಳಿಗೆ ಸೇರಿಸುವುದಿಲ್ಲ. ಆದರೆ ಅಕ್ಕನ ಮುಖ ನೋಡಿಕೊಂಡು, ಅವಳು ತನಗಾಗಿ ಚಹಾ ಹಿಡಿದು ನಿಂತಿರುವಾಗಲೇ, ಇಲ್ಲದ್ದನ್ನು ಇದೆ ಅಂದದ್ದು ಅದೇ ಮೊದಲು. ಅಂದಮೇಲೆ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದ.

ಊರ ನಡುವಿನ ಹಳೆಯ ಉದ್ಯಾನದಲ್ಲಿ ಒಂದು ಪಂಪು ಮನೆ ಇತ್ತು. ಕೆಂಪು ಇಟ್ಟಿಗೆಯ ಗೋಡೆ, ಕಮಾನಿನ ಬಾಗಿಲು, ಬಾಗಿಲ ಮೇಲೊಂದು ದುಂಡು ಕಿಟಕಿ. ನೀರೆತ್ತುವ ಯಂತ್ರ ಇಡಲು ಕಟ್ಟಿದ್ದಾದರೂ ಆ ಕಾಲದವರಿಗೆ ಯಂತ್ರದ ಮೇಲೂ ಅಷ್ಟು ಮಮತೆ ಇತ್ತೇನೋ, ಮದುವೆಯಾಗಿ ಬರುವ ಸೊಸೆಗೆ ಕಟ್ಟಿಸಿದ ಹಾಗೆ ಕಟ್ಟಿಸಿದ್ದರು. ಆಮೇಲೆ ಯಂತ್ರ ಕೆಟ್ಟಿತು. ನೀರು ಬೇರೆ ಕೊಳವೆಯಲ್ಲಿ ಬಂತು. ಖಾಲಿ ಬಿದ್ದ ಕಟ್ಟಡಕ್ಕೆ ಉದ್ಯಾನದ ತೋಟಗಾರರು ಒಬ್ಬೊಬ್ಬರಾಗಿ ಹೊಕ್ಕರು. ಮುಂದಿನ ದೊಡ್ಡ ಹಾಲಿನಲ್ಲಿ ಗೊಬ್ಬರದ ಚೀಲ, ಕುಂಡ, ಹುಲ್ಲು ಕತ್ತರಿಸುವ ಗಾಡಿ. ಹಿಂದಿನ ಕೋಣೆ ಮಾತ್ರ ಅವರದೇ ಮನೆ. ಅಲ್ಲಿ ಬಟ್ಟೆ ಬದಲಿಸುತ್ತಿದ್ದರು, ಒದ್ದೆ ಅಂಗಿ ಒಣಹಾಕುತ್ತಿದ್ದರು, ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು, ಮೇಲಿನವರನ್ನು ಬಾಯಿತುಂಬ ಬೈದು ಹೊಟ್ಟೆ ಹಗುರ ಮಾಡಿಕೊಳ್ಳುತ್ತಿದ್ದರು.

ಆ ಕೋಣೆಯ ಗೋಡೆಯಲ್ಲಿ ಮೊಳೆಗಳಿದ್ದವು. ಒಬ್ಬೊಬ್ಬರಿಗೆ ಒಂದೊಂದು. ಸಂಜೆ ಸಲಿಕೆಯೋ ಎಲೆ ಬಾಚುವ ಕೈಕುಂಟೆಯೋ ಕತ್ತರಿಯೋ ತೊಳೆದು ಒರೆಸಿ ಅವರವರ ಮೊಳೆಗೆ ಅವರವರೇ ತೂಗುಹಾಕಬೇಕು. ಇನ್ನೊಬ್ಬರ ಮೊಳೆಯ ಸಲಿಕೆ ಮುಟ್ಟುವುದೆಂದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊಳೆ ಸಿಗುತ್ತಿರಲಿಲ್ಲ. ಅವರ ಸಲಿಕೆ ಮೂಲೆಯಲ್ಲಿ ಒರಗಿಕೊಂಡು ನಿಲ್ಲಬೇಕು. ಕೆಲಸಗಳ್ಳನಲ್ಲ, ಚಾಡಿಕೋರನಲ್ಲ, ಮಳೆ ಬಂದರೆ ಮರದಡಿ ಓಡುವವನಲ್ಲ ಎಂದು ಹಳಬರಿಗೆ ಖಾತ್ರಿಯಾದ ಮೇಲೆ ಯಾರೋ ಒಬ್ಬರು ಎದ್ದು, ಮಾತಿಲ್ಲದೆ, ಗೋಡೆಗೆ ಒಂದು ಮೊಳೆ ಬಡಿಯುವರು. ‘ಅವನಿಗೆ ಮೊಳೆ ಬಿತ್ತಾ?’ ಎಂದು ಕೇಳಿದರೆ ಅವನು ನಮ್ಮವನಾದನಾ ಎಂದು ಅರ್ಥ. ಸರ್ಕಾರಿ ಆದೇಶಕ್ಕೆ ಅಲ್ಲಿ ಅಷ್ಟು ಬೆಲೆ ಇರಲಿಲ್ಲ.

ಕಿಟಕಿಯ ಪಕ್ಕದ ಮೊಳೆ ಮೇಸ್ತ್ರಿಯ ಅಕ್ಕನದು. ಈಗ ಅಲ್ಲಿ ಅವಳೇ ಎಲ್ಲರಿಗಿಂತ ಹಿರಿಯಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಗುಲಾಬಿ ಪಾತಿ ಅಗೆದು ತಮ್ಮನನ್ನು ಬೆಳೆಸಿದವಳು ಅವಳೇ. ಶಾಲೆ ಹತ್ತಲಿಲ್ಲ ಎಂದಾಗ ಬೈಯದೆ ಒಬ್ಬ ಗಾರೆಯವನ ಕೈಕೆಳಗೆ ಬಿಟ್ಟವಳೂ ಅವಳೇ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ‘ಒಂದು ಗಂಡಸನ್ನ ಸಾಕಿ ಸಾಕಾಯ್ತು’ ಎಂದು ತಮ್ಮನ ಕಡೆ ಬೆರಳು ತೋರಿಸಿ ನಗುತ್ತಿದ್ದಳು. ತಮಾಷೆಗೆ ಹೇಳುವ ಮಾತು, ಆದರೆ ಮೇಸ್ತ್ರಿಗೆ ಪ್ರತಿ ಸಲವೂ ಸ್ವಲ್ಪ ಚುಚ್ಚುತ್ತಿತ್ತು.

ಹೀಗಿರುವಾಗ ಉದ್ಯಾನದ ಸಮಿತಿಯವರ ಕಣ್ಣಿಗೆ ಆ ಕಟ್ಟಡ ಬಿತ್ತು. ಇಷ್ಟು ವರ್ಷ ಅದರ ಮುಂದೆಯೇ ವಾಯುವಿಹಾರ ಮಾಡಿದವರಿಗೆ ಇದ್ದಕ್ಕಿದ್ದಂತೆ ಅದು ಚರಿತ್ರೆಯಾಗಿ ಕಂಡಿತು. ಪಂಪು ಮನೆಯನ್ನು ಆರ್ಟ್ ಗ್ಯಾಲರಿ ಮಾಡುವುದೆಂದು ತೀರ್ಮಾನವಾಯಿತು. ನಕ್ಷೆ ಬರೆಯಲು ಒಬ್ಬ ಹೆಂಗಸು ಬಂದಳು. ಯಾವಾಗಲೂ ಕಂಕುಳಲ್ಲಿ ಕಾಗದದ ಸುರುಳಿ ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ನಕ್ಷೆಯಮ್ಮ ಎಂದರು. ಎಲ್ಲರನ್ನೂ ಅಣ್ಣ, ಅಕ್ಕ ಎಂದೇ ಮಾತಾಡಿಸುವ ಒಳ್ಳೆಯ ಹೆಣ್ಣು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಅವಕಾಶ ಕೊಡುತ್ತಿರಲಿಲ್ಲ.

ಗೋಡೆಯ ಕೆಲಸ ಗಾರೆ ಮೇಸ್ತ್ರಿಗೆ ಬಂತು. ಅಕ್ಕನ ಶಿಫಾರಸಿನಿಂದಲ್ಲ, ಅವನ ಕೈ ನೋಡಿಯೇ ಬಂತು. ಸುಣ್ಣದ ಗಾರೆಯನ್ನು ಬೆಣ್ಣೆಯ ಹಾಗೆ ಎಳೆಯುವವರು ಊರಲ್ಲಿ ಹೆಚ್ಚು ಮಂದಿ ಇರಲಿಲ್ಲ. ಇಷ್ಟು ವರ್ಷ ಅವನು ಮಾಡಿದ ಗೋಡೆಗಳಿಗೆಲ್ಲ ಯಾರೋ ಬೀರು ಒರಗಿಸಿದ್ದರು, ಕ್ಯಾಲೆಂಡರು ತೂಗುಹಾಕಿದ್ದರು, ಮಕ್ಕಳು ಗೀಚಿದ್ದರು. ಈ ಗೋಡೆಯನ್ನು ಜನ ನೋಡುವುದಕ್ಕೆಂದೇ ಬರುತ್ತಾರೆ. ‘ಚಿತ್ರ ಎಷ್ಟೇ ದೊಡ್ಡದಿರಲಿ, ಸುತ್ತ ಇರೋದು ನಮ್ಮ ಗೋಡೆನೇ’ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಎದೆಯುಬ್ಬಿಸಿ ಹೇಳಿದ. ಅವಳು ‘ಮೊದಲು ನಮ್ಮ ಅಡುಗೆಮನೆ ಗೋಡೆ ಬಿರುಕು ಮುಚ್ಚಿ’ ಎಂದಳು.

ತೊಡಕೆಂದರೆ ತೋಟಗಾರರು ಕೋಣೆ ಬಿಡಲಿಲ್ಲ. ಹಿಂಬದಿಯ ಗೇಟಿನ ಹತ್ತಿರ ಅವರಿಗೆ ಒಂದು ತಗಡಿನ ಶೆಡ್ಡು ಹಾಕಿಸಿದ್ದರು. ಬಿಸಿಲಿಗೆ ಬಾಣಲೆ, ಮಳೆಗೆ ತಮಟೆ. ಕೆಲಸ ಮುಗಿಯುವವರೆಗೆ ಮಾತ್ರ ಅಲ್ಲಿರಿ ಎಂದು ಯಾರೋ ಬಾಯಿಮಾತಿಗೆ ಹೇಳಿದ್ದರು, ಆದರೆ ಆಮೇಲೆ ಎಲ್ಲಿಗೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಕೋಣೆಯ ಬೀಗದ ಕೈ ಅಕ್ಕನ ಏಪ್ರನ್ನಿನ ಜೇಬಿನಲ್ಲಿತ್ತು. ‘ಹಿಂದಿನ ಕೋಣೆ ನಮಗೇ ವಾಪಸ್ ಸಿಗುತ್ತೆ ಅಂತ ಗೊತ್ತಾಗೋವರೆಗೂ ಕೊಡಲ್ಲ’ ಎಂದು ಅವಳು ಪಟ್ಟು ಹಿಡಿದು ಕುಳಿತಳು. ಹೀಗೇ ಎಳೆದಾಡಿದರೆ ಗ್ಯಾಲರಿಯನ್ನು ಬೇರೆ ಕಟ್ಟಡಕ್ಕೆ ಒಯ್ಯುವುದೆಂದು ಸಮಿತಿಯವರು ಹೇಳುತ್ತಿದ್ದಾರೆ ಎಂದು ನಕ್ಷೆಯಮ್ಮ ಒಂದು ದಿನ ಮೇಸ್ತ್ರಿಯ ಹತ್ತಿರ ಬೇಜಾರಿನಿಂದ ಹೇಳಿದಳು. ಬೇರೆ ಕಟ್ಟಡವೆಂದರೆ ಆಗಲೇ ನುಣ್ಣಗೆ ಗಿಲಾವು ಆದ ಕಟ್ಟಡ. ಅಲ್ಲಿ ಅವನಿಗೆ ಕೆಲಸವಿಲ್ಲ.

ಅವಳು ಹೋದ ಮೇಲೆ ಅವನು ನಕ್ಷೆ ಬಿಚ್ಚಿ ನೋಡಿದ. ಹಿಂದಿನ ಕೋಣೆಯಲ್ಲಿ ಸಾಲಾಗಿ ಬಿಡಿಸಿದ್ದು ಶೌಚಾಲಯ ಮತ್ತು ಕೈ ತೊಳೆಯುವ ಬೇಸಿನ್ನುಗಳು, ಗ್ಯಾಲರಿಗೆ ಬರುವವರಿಗೆ. ತೋಟಗಾರರ ಜಾಗ ಎಂದು ಗುರುತು ಹಾಕಿದ್ದು ತಗಡಿನ ಶೆಡ್ಡಿಗೇ. ತಾತ್ಕಾಲಿಕ ಎನ್ನುವ ಮಾತು ಎಲ್ಲೂ ಇರಲಿಲ್ಲ.

ಅವನು ನಕ್ಷೆ ಸುತ್ತುವಷ್ಟರಲ್ಲಿ ಅಕ್ಕ ಚಹಾ ಹಿಡಿದು ಬಂದಳು. ಅವಳ ಹಿಂದೆಯೇ ಉಳಿದ ತೋಟಗಾರರೂ ಬಂದು, ಮಾತು ಕೇಳಿಸದಷ್ಟು ದೂರದಲ್ಲಿ, ಬಾಗಿಲಲ್ಲಿ ನಿಂತರು. ಅವರಲ್ಲಿ ಎಲ್ಲರಿಗಿಂತ ಎತ್ತರದವನನ್ನು ಏಣಿ ಎಂದು ಕರೆಯುತ್ತಿದ್ದರು. ಅಕ್ಕ ಸೇರಿದ ವರ್ಷವೇ ಸೇರಿದವನು. ವಯಸ್ಸಿನಲ್ಲಿ ಚಿಕ್ಕವನಾದರೂ ಅವಳನ್ನು ‘ಏ ತಂಗಿ’ ಎಂದೇ ಕರೆಯುವನು, ದಿನಕ್ಕೊಮ್ಮೆಯಾದರೂ ಅವಳ ಜೊತೆ ಜಗಳ ಆಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ನಿನಗೆ ನಕ್ಷೆ ಓದೋಕೆ ಬರುತ್ತಲ್ಲ,” ಅಂದಳು ಅಕ್ಕ. “ನೀನೇ ಹೇಳಪ್ಪ. ಹಿಂದಿನ ಕೋಣೆ ನಮಗೆ ಉಳಿಯುತ್ತಾ ಇಲ್ವಾ?”

ಉಳಿಯಲ್ಲ ಅಕ್ಕ ಎನ್ನಲು ಒಂದು ಉಸಿರು ಸಾಕಿತ್ತು. ಆ ಉಸಿರಿನಲ್ಲಿ ಅವನಿಗೆ ಮುಂದಿನ ಹಾಲಿನ ಗೋಡೆ ಕಂಡಿತು. ದುಂಡು ಕಿಟಕಿಯ ಬೆಳಕು ಬಿದ್ದು, ಮಸಿ ಹಿಡಿದ ಇಟ್ಟಿಗೆಯ ಮೇಲೆ ಅವನ ಬಿಳಿ ಗಾರೆ ಒಂದು ಕೂದಲಿನ ಗೀರೂ ಇಲ್ಲದೆ ನಿಂತ ಹಾಗೆ.

“ಉಳಿಯುತ್ತೆ ಅಕ್ಕ,” ಅಂದ. ಸುಳ್ಳು ಹೇಳುವವರಿಗೆ ಒಂದು ಮಾತು ಸಾಲುವುದಿಲ್ಲ. ನಕ್ಷೆಯನ್ನು ಬಿಚ್ಚಿ ಅವಳ ಮುಂದೆ ಹಿಡಿದು, “ಬೇಕಾದ್ರೆ ನೀನೇ ನೋಡು,” ಎಂದೂ ಸೇರಿಸಿದ. ಹಿಂದಿನ ಕೋಣೆಯ ಮೇಲೆ ಅವನ ಅಂಗೈ ಇತ್ತು.

ಅಕ್ಕ ನಕ್ಷೆಯ ಕಡೆ ಕಣ್ಣು ಹಾಯಿಸಿದ ಹಾಗೆ ಮಾಡಿ, “ನೀನು ನೋಡಿದ್ದೀಯಲ್ಲ, ಮುಗೀತು,” ಎಂದು ತಗ್ಗಿದ ದನಿಯಲ್ಲಿ ಹೇಳಿ ಚಹಾದ ಲೋಟ ಅವನ ಕೈಗಿತ್ತಳು. ಆಮೇಲೆ ಬಾಗಿಲ ಕಡೆ ತಿರುಗಿ, “ಕೋಣೆ ನಮ್ಮದೇ. ಇದಕ್ಕೆ ನಾನು ಜವಾಬ್ದಾರಿ. ನಡೀರಿ, ಸಾಮಾನು ಕಟ್ಟಿ,” ಎಂದಳು. ಬೀಗದ ಕೈ ಅಂದೇ ನಕ್ಷೆಯಮ್ಮನಿಗೆ ಹೋಯಿತು.

ಮರುದಿನದಿಂದ ಮೇಸ್ತ್ರಿ ಕೆಲಸಕ್ಕೆ ಬಿದ್ದ. ಅಂಥ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಸುಣ್ಣವನ್ನು ನೆನೆಹಾಕಿ ಕೊಳೆಸಿದ, ಸೋಸಿದ, ಗಾರೆಯನ್ನು ತೆಳ್ಳಗೆ ಎಳೆದು ಒಣಗಲು ಬಿಟ್ಟು ಮತ್ತೆ ಎಳೆದ. ಕೈ ಕೆಲಸದಲ್ಲಿರುವಷ್ಟು ಹೊತ್ತು ಏನೂ ಕಾಡುತ್ತಿರಲಿಲ್ಲ. ಕರಣೆ ಕೆಳಗಿಟ್ಟ ಕೂಡಲೇ ಎದೆಯಲ್ಲಿ ಇಲಿ ಕೆರೆದ ಹಾಗೆ ಶುರುವಾಗುತ್ತಿತ್ತು. ಹೇಗಾದರೂ ಮಾಡಿ ನಕ್ಷೆಯಮ್ಮನಿಗೆ ಹೇಳಿ ನಕ್ಷೆ ಬದಲಿಸಿದರಾಯಿತು ಎಂದುಕೊಂಡ. ಒಂದು ಸಲ ಕೇಳಿಯೂ ಕೇಳಿದ. “ಶೌಚಾಲಯ ಹೊರಗಡೆ ಕಟ್ಟಿದ್ರೆ ಆಗಲ್ವಾ ಮೇಡಂ?” ಎಂದ. ಕೊಳವೆ ಎಲ್ಲ ಹಿಂದಿನ ಕೋಣೆಗೇ ಬಂದಾಗಿದೆಯಲ್ಲ ಅಣ್ಣ ಎಂದು ಅವಳು ನಕ್ಕಳು. ಅವನೂ ನಕ್ಕು ಸುಮ್ಮನಾದ. ಅಲ್ಲಿಗೆ ಅವನ ಪ್ರಯತ್ನ ಮುಗಿಯಿತು.

ಅಕ್ಕ ಮಾತ್ರ ದಿನವೂ ಬರುತ್ತಿದ್ದಳು. ಕೆಲಸದ ನಡುವೆ ಎರಡು ನಿಮಿಷ ಬಿಡುವು ಮಾಡಿಕೊಂಡು ಹಿಂದಿನ ಕೋಣೆಗೆ ಹೋಗಿ, ಗೇಣು ಹಾಕಿ ಗೋಡೆ ಅಳೆಯುತ್ತಿದ್ದಳು. ಬೆಂಚು ಇಲ್ಲಿ, ಒಣಹಾಕುವ ಹಗ್ಗ ಅಲ್ಲಿ. ಏಣಿಯ ಕೆಮ್ಮು ಜೋರಾಗಿತ್ತು, ತಗಡಿನ ಶೆಡ್ಡಿನಲ್ಲಿ ಒದ್ದೆ ಅಂಗಿ ಒಣಗುತ್ತಲೇ ಇರಲಿಲ್ಲ. “ಅವನನ್ನ ಈ ಮೂಲೆಗೆ ಕೂರಿಸ್ತೀನಿ, ಇಲ್ಲಿ ಗಾಳಿ ಬರಲ್ಲ,” ಎಂದು ತಮ್ಮನಿಗೆ ತೋರಿಸಿದಳು. ಅವನು “ಹೂಂ” ಅಂದ.

“ನಿನ್ನ ಗಾರೆ ಮೇಲೆ ನಾವು ಮೊಳೆ ಬಡಿದ್ರೆ ಬಿರುಕು ಬಿಡುತ್ತೆ. ನೀನೇ ಈಗಲೇ ಕೂರಿಸಿಬಿಡು,” ಎಂದಳು ಇನ್ನೊಂದು ದಿನ.

ಇಲ್ಲಿ ಅವನು ತಪ್ಪಿಸಿಕೊಳ್ಳಬಹುದಿತ್ತು. ಒದ್ದೆ ಇದೆ, ಆಮೇಲೆ ನೋಡೋಣ ಎಂದಿದ್ದರೆ ಸಾಕಿತ್ತು. ಆದರೆ ಅವನ ಬುದ್ಧಿಗೆ ಏನು ಮಂಕು ಕವಿಯಿತೋ, ಮೊಳೆ ಕೂರಿಸಿಕೊಟ್ಟರೆ ಅಕ್ಕನಿಗೆ ಅಷ್ಟಾದರೂ ಮಾಡಿಕೊಟ್ಟಂತಾಗುತ್ತದೆ ಎನ್ನಿಸಿತು. ಮುಂದೆ ಟೈಲ್ಸ್ ಬೀಳುವ ಗೋಡೆಗೆ ಸಾಲುದ್ದಕ್ಕೂ ಮರದ ತುಂಡು ಹುದುಗಿಸಿ, ಅಳತೆಯ ದಾರ ಹಿಡಿದು, ಒಂದಕ್ಕೊಂದು ಸಮವಾಗಿ ಮೊಳೆ ಕೂರಿಸಿದ. ಕಿಟಕಿ ಪಕ್ಕದ್ದನ್ನು ಅಕ್ಕನ ಎತ್ತರಕ್ಕೆ ನೋಡಿ ಸ್ವಲ್ಪ ಕೆಳಗೆ ಹೊಡೆದ. ಅಕ್ಕ ಒಂದೊಂದನ್ನೂ ಎಳೆದು ನೋಡಿ, “ಎಷ್ಟು ಗಟ್ಟಿ! ನಮ್ಮನ್ನೇ ತೂಗುಹಾಕಬಹುದು,” ಎಂದು ನಕ್ಕಳು. ಆ ಸಂಜೆ ಅವನು ಊಟ ಬಿಟ್ಟು ಮಲಗಿದ. ಹೆಂಡತಿ ಹಣೆ ಮುಟ್ಟಿ ನೋಡಿ ಜ್ವರವಿಲ್ಲವಲ್ಲ ಎಂದಳು. ಜ್ವರವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

ಮುಂದಿನ ವಾರ ಪಂಪು ಮನೆಯ ಮುಂದೆ ಲಾರಿ ಬಂದು ನಿಂತಿತು. ಹುಲ್ಲಿನ ಮೇಲೆ ಬೆಳ್ಳಗೆ ಹೊಳೆಯುವ ಬೇಸಿನ್ನು, ಕಮೋಡುಗಳನ್ನು ಸಾಲಾಗಿ ಇಳಿಸಿದರು. ತೋಟಗಾರರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ಏಣಿ ಸೊಂಟಕ್ಕೆ ಕೈ ಕೊಟ್ಟು ಅವುಗಳ ನಡುವೆ ಓಡಾಡಿದ.

“ನಮಗೆ ಕೈ ತೊಳೆಯೋಕೆ ಇಷ್ಟೊಂದಾ? ಬೆರಳಿಗೆ ಒಂದೊಂದು ಬೇಸಿನ್ನಾ?” ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಏಣಿ ಹುರುಪಿನಿಂದ ಒಂದು ಬೇಸಿನ್ನನ್ನು ಎದೆಗವಚಿಕೊಂಡು ಹಿಂದಿನ ಕೋಣೆಯ ಕಡೆ ಹೊರಟ.

“ಅಣ್ಣ, ಈಗಲೇ ಒಳಗಿಡಬೇಡಿ,” ಎಂದು ನಕ್ಷೆಯಮ್ಮ ಕೂಗಿಕೊಂಡು ಬಂದಳು. “ಮೊದಲು ಟೈಲ್ಸ್ ಆಗ್ಬೇಕು. ಹಿಂದಿನ ಕೋಣೆ ಗೋಡೆಗೆಲ್ಲ ಪೂರ್ತಿ ಟೈಲ್ಸ್ ಬರುತ್ತೆ.”

“ಟೈಲ್ಸ್ ಬಂದ್ರೆ ನಮ್ಮ ಮೊಳೆ?” ಅಂದ ಏಣಿ.

“ಯಾವ ಮೊಳೆ?”

“ನಮ್ಮ ಸಲಿಕೆ ತೂಗುಹಾಕೋ ಮೊಳೆ.”

ನಕ್ಷೆಯಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿದಳು. “ಇದು ಗ್ಯಾಲರಿಗೆ ಬರೋರ ಶೌಚಾಲಯ ಅಣ್ಣ. ನಿಮ್ಮ ಜಾಗ ಆ ಶೆಡ್ಡೇ ಅಲ್ವಾ? ಮೊದಲಿಂದನೂ ನಕ್ಷೆಯಲ್ಲಿ ಹಾಗೇ ಇದೆಯಲ್ಲ. ನಿಮಗೆ ಯಾರೂ ಹೇಳಲಿಲ್ವಾ?”

ಏಣಿ ಬೇಸಿನ್ನನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಳಿಸಿದ. ಸಿಟ್ಟಿನಲ್ಲೂ ಸಾಮಾನು ಎತ್ತಿಹಾಕುವ ಜಾತಿಯವನಲ್ಲ ಅವನು. ಎಲ್ಲರ ಕಣ್ಣೂ ಅಕ್ಕನ ಕಡೆ ಹೊರಳಿತು. ಅಕ್ಕನ ಕಣ್ಣು ತಮ್ಮನ ಕಡೆ. ಮೇಸ್ತ್ರಿ ಕರಣೆ ಹಿಡಿದು ಕಮಾನಿನ ಕೆಳಗೆ ನಿಂತಿದ್ದ. ಅವನ ಮುಖವನ್ನು ಅವಳು ಅವನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದವಳು, ಓದಲು ನಕ್ಷೆ ಬೇಕಿರಲಿಲ್ಲ. ಅವಳ ಮೋರೆಯಲ್ಲಿದ್ದ ನಗು ಪೂರ್ತಿ ಇಳಿಯುವಷ್ಟು ಹೊತ್ತು ಅವನನ್ನೇ ನೋಡಿದಳು.

ಮೇಸ್ತ್ರಿ ಬಾಯಿ ತೆರೆದ. ಅದಕ್ಕಿಂತ ಮೊದಲು ಅಕ್ಕ ಮಾತಾಡಿದಳು.

“ನನಗೆ ಗೊತ್ತಿತ್ತು.”

“ಏನು ಗೊತ್ತಿತ್ತು ತಂಗಿ?” ಅಂದ ಏಣಿ.

“ಕೋಣೆ ನಮಗಿಲ್ಲ ಅಂತ. ಅವತ್ತು ಇವನು ನಕ್ಷೆ ಬಿಚ್ಚಿ ನನ್ನ ಮುಂದೆ ಹಿಡೀಲಿಲ್ವಾ? ನೀವೆಲ್ಲ ನೋಡಿದ್ರಲ್ಲ. ಅದರಲ್ಲಿ ಬರೆದಿತ್ತು, ನಾನು ಓದಿದೆ. ಕೋಣೆ ಬಿಡದಿದ್ರೆ ಇವನ ಕೆಲಸ ಹೋಗ್ತಿತ್ತು. ಅದಕ್ಕೆ ಹೇಳಲಿಲ್ಲ.”

“ಅಕ್ಕಾ...” ಎಂದ ಮೇಸ್ತ್ರಿ.

“ನೀನು ಸುಮ್ನಿರು. ದೊಡ್ಡವರು ಮಾತಾಡೋವಾಗ ಮಧ್ಯೆ ಬಾಯಿ ಹಾಕಬೇಡ.”

ತಲೆ ನರೆತ ಗಂಡಸು, ಹತ್ತಾರು ಆಳುಗಳಿಗೆ ಮೇಸ್ತ್ರಿ, ಗಪ್‌ಚಿಪ್ಪಾದ. ಅಕ್ಕನ ಮಾತು ಮೀರಬಾರದೆಂದು ಸುಮ್ಮನಾದೆ ಎಂದು ಅವನು ಬೇಕಾದರೆ ತನಗೆ ತಾನೇ ಹೇಳಿಕೊಳ್ಳಲಿ. ನಡೆದದ್ದು ಬೇರೆ. ಅವನಿಗೆ ಹಾಯೆನಿಸಿತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದಾಗ ‘ನಾನೇ ಒಡೆದದ್ದು’ ಎಂದು ಅಕ್ಕ ಮುಂದೆ ಬಂದು ನಿಂತಿದ್ದಳಲ್ಲ, ಅವಳ ಬೆನ್ನ ಹಿಂದೆ ನಿಂತು ಉಸಿರು ಬಿಟ್ಟಿದ್ದನಲ್ಲ, ಅದೇ ಉಸಿರು ಈಗಲೂ ಹೊರಬಂತು. ಆ ಒಂದು ಗಳಿಗೆಯ ಹಾಯಿಗೆ ಅವನು ತನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ. ಕ್ಷಮಿಸಿಕೊಳ್ಳಬೇಕಾಗಿಯೂ ಇಲ್ಲ.

ಏಣಿ ಕೂಗಾಡಲಿಲ್ಲ. ಕೂಗಾಡಿದ್ದರೆ ಒಂದೆರಡು ದಿನದಲ್ಲಿ ತಣ್ಣಗಾಗುತ್ತಿತ್ತೇನೋ. ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೆಮ್ಮಿ, “ನೀವು ಹಿರಿಯರು. ನಿಮ್ಮನ್ನ ನಾವೇನು ಕೇಳೋಕಾಗುತ್ತೆ,” ಎಂದ. ಇಷ್ಟು ವರ್ಷ ಏ, ನೀನು, ತಂಗಿ ಎಂದು ಬೈದಾಡಿದವನ ಬಾಯಲ್ಲಿ ಬಂದ ಆ ‘ನೀವು’ ಕೇಳಿ ಅಕ್ಕನ ಮುಖ ಬಿಳಿಚಿಕೊಂಡಿತು.

ಅಂದಿನಿಂದ ಎಲ್ಲರೂ ಅವಳಿಗೆ ಬಹುವಚನ ಕೊಟ್ಟರು. ಶೆಡ್ಡಿನಲ್ಲಿ ಅವಳು ಬಂದರೆ ಬೆಂಚಿನಿಂದ ಎದ್ದು ನಿಂತು ಜಾಗ ಬಿಡುವರು, ಅವಳು ಕುಳಿತರೆ ಮಾತ್ರ ಯಾರೂ ಪಕ್ಕ ಕೂರುವುದಿಲ್ಲ. ಡಬ್ಬಿ ತೆರೆದು ‘ಇದು ಸ್ವಲ್ಪ ನೋಡು’ ಎಂದು ಅವಳ ಮುಂದೆ ಚಾಚುವ ಕೈಗಳಿಲ್ಲ. ಒಂದು ವಾರ ತಡೆದುಕೊಂಡಳು. ಆಮೇಲೆ ಊಟದ ಹೊತ್ತಿಗೆ ಡಬ್ಬಿ ಎತ್ತಿಕೊಂಡು ಎಲೆಗೊಬ್ಬರದ ಗುಂಡಿಯ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂರತೊಡಗಿದಳು.

ಟೈಲ್ಸ್ ಬಿತ್ತು. ಮೊಳೆಗಳನ್ನು ಕೀಳುವಾಗ ಟೈಲ್ಸಿನವನು ಬೆವತುಹೋದ. ಇಷ್ಟು ಗಟ್ಟಿಯಾಗಿ ಬಡಿದವನು ಯಾವ ಪುಣ್ಯಾತ್ಮ ಎಂದು ಬೈದುಕೊಂಡ. ಪುಣ್ಯಾತ್ಮ ಪಕ್ಕದಲ್ಲೇ ನಿಂತಿದ್ದ.

ಗ್ಯಾಲರಿಯ ಉದ್ಘಾಟನೆಗೆ ಊರಿನ ದೊಡ್ಡವರೆಲ್ಲ ಬಂದರು. ಮೇಸ್ತ್ರಿಯೂ ಇಸ್ತ್ರಿ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಬಂದ. ನೆನೆಸಿದ ಹಾಗೆಯೇ ಆಗಿತ್ತು ಗೋಡೆ. ಕಿಟಕಿಯ ಬೆಳಕು ಅದರ ಮೇಲೆ ಹಾಲು ಚೆಲ್ಲಿದಂತೆ ಬಿದ್ದಿತ್ತು. ಒಬ್ಬ ಚಿತ್ರಗಾರ ತನ್ನ ಚಿತ್ರ ಬಿಟ್ಟು ಗೋಡೆಯ ಮೇಲೆ ಬೆರಳಾಡಿಸಿ, “ಇದನ್ನ ಮಾಡಿದವರು ಯಾರು?” ಎಂದು ಕೇಳಿದ. ನಕ್ಷೆಯಮ್ಮ ಮೇಸ್ತ್ರಿಯನ್ನು ಕೈಹಿಡಿದು ಎಳೆದು ತಂದು ನಿಲ್ಲಿಸಿದಳು. ಜನ ಚಪ್ಪಾಳೆ ತಟ್ಟಿದರು. ಬದುಕಿನಲ್ಲಿ ಒಮ್ಮೆಯಾದರೂ ಹೀಗಾಗಬೇಕೆಂದು ಅವನು ಕನಸು ಕಂಡದ್ದುಂಟು. ಹೊರಗೆ ಬೇಲಿಯ ಗಿಡ ಕತ್ತರಿಸುತ್ತಿದ್ದ ಅಕ್ಕನ ಕತ್ತರಿಯ ಸದ್ದು ಚಪ್ಪಾಳೆ ನಿಂತ ಮೇಲೂ ಕೇಳುತ್ತಿತ್ತು.

“ಅಕ್ಕನ್ನ ಒಳಗೆ ಕರೀರಿ,” ಅಂದಳು ಹೆಂಡತಿ.

“ಅವಳು ಬರಲ್ಲ.”

“ಕರೆದು ನೋಡಿದ್ರಾ?”

ಮನೆಗೆ ಹೋದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು “ನನಗೆ ಹೇಳಿ ಏನು ಬಂತು? ಹೇಳಬೇಕಾದವರಿಗೆ ಹೇಳಿ,” ಎಂದು ಎದ್ದುಹೋದಳು.

ಮರುದಿನ ಮಧ್ಯಾಹ್ನ ಅವನು ಉದ್ಯಾನಕ್ಕೆ ಹೋದ. ಅಕ್ಕ ಗೊಬ್ಬರದ ಗುಂಡಿಯ ಪಕ್ಕ ಕುಳಿತು ಊಟ ಮಾಡುತ್ತಿದ್ದಳು. ತಮ್ಮನನ್ನು ಕಂಡು ಕಲ್ಲಿನ ಮೇಲೆ ಸರಿದು ಜಾಗ ಮಾಡಿದಳು. ಡಬ್ಬಿಯ ಮುಚ್ಚಳಕ್ಕೆ ಅರ್ಧ ಊಟ ಹಾಕಿ ಅವನ ಮುಂದಿಟ್ಟಳು. ಬೈಯುತ್ತಾಳೆ ಎಂದು ಸಿದ್ಧನಾಗಿ ಬಂದವನಿಗೆ ಇದು ಬೈಗುಳಕ್ಕಿಂತ ಕಷ್ಟವಾಯಿತು.

“ಅವತ್ತು ನಾನು ಉಳಿಯುತ್ತೆ ಅಂದಾಗ ನಿನಗೆ ಗೊತ್ತಾಗಿತ್ತಾ ಅಕ್ಕ? ನನ್ನ ಮುಖ ನೋಡಿ?” ಎಂದು ಕೇಳಿದ. ಗೊತ್ತಾಗಿತ್ತು ಎಂದು ಅವಳು ಹೇಳಿಬಿಟ್ಟರೆ ತನ್ನ ಪಾಪದಲ್ಲಿ ಅರ್ಧ ಇಳಿಯುತ್ತದೆ ಎಂಬ ಆಸೆ ಅವನಿಗೆ.

“ಇಲ್ಲ,” ಅಂದಳು ಅಕ್ಕ. “ನಂಬಿದ್ದೆ.”

ಅವನು ಮುಚ್ಚಳವನ್ನು ಕೆಳಗಿಟ್ಟ. “ನಾನು ಹೋಗಿ ಅವರಿಗೆಲ್ಲ ಹೇಳಿಬಿಡ್ತೀನಿ.”

“ಬೇಡ.”

“ನಿನ್ನನ್ನ ಹೀಗೆ ನೋಡೋಕಾಗಲ್ಲ ಅಕ್ಕ.”

“ನೋಡೋಕಾಗದಿದ್ರೆ ನೋಡಬೇಡ. ಈಗ ನೀನು ಹೇಳಿದ್ರೆ ಏನಾಗುತ್ತೆ ಗೊತ್ತಾ? ಇಲ್ಲಿವರೆಗೆ ನಾನು ಒಂದು ಸುಳ್ಳು ಹೇಳಿದವಳು. ಆಮೇಲೆ ‘ಗೊತ್ತಿತ್ತು’ ಅಂದಿದ್ದೂ ಸುಳ್ಳು ಅಂತಾಗುತ್ತೆ. ನಿನ್ನನ್ನೂ ಉಗೀತಾರೆ. ಆವಾಗ ನಾನು ಬಾಯಿ ಬಿಟ್ಟಿದ್ದೂ ದಂಡ.” ದನಿ ತಗ್ಗಿಸಿ ಹೇಳಿದಳು: “ನಾನೇನು ಯೋಚನೆ ಮಾಡಿ ಹೇಳಿದ್ದಲ್ಲ. ನಿನ್ನ ಮುಖ ನೋಡ್ದೆ, ಮಾತು ಬಂದ್ಬಿಡ್ತು. ಬಂದಮೇಲೆ ಏಣಿ ಮುಖ ನೋಡ್ದೆ. ಆಗ ವಾಪಸ್ ತಗೊಳ್ಳೋಣ ಅನ್ನಿಸ್ತು. ಆಗಲಿಲ್ಲ.”

ಅಕ್ಕನಿಗೂ ಪಶ್ಚಾತ್ತಾಪ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವಳು ಕಲ್ಲಿನಂತೆ ಗಟ್ಟಿ, ಅವನ ಭಾರ ಹೊರುವುದೇ ಅವಳ ಸ್ವಭಾವ ಎಂದು ತಿಳಿದಿದ್ದ. ಈಗ ನೋಡಿದರೆ, ಮೂವತ್ತು ವರ್ಷದ ಗೆಳೆಯರನ್ನು ಒಂದು ಮಾತಿಗೆ ಕಳೆದುಕೊಂಡು ಗೊಬ್ಬರದ ವಾಸನೆಯಲ್ಲಿ ಕುಳಿತ ಮುದುಕಿ. ಎದ್ದ. ಅವಳು ಕೂಗಿದಳು. ಈ ಸಲ ಅವನು ಅಕ್ಕನ ಮಾತು ಮೀರಿದ.

ತಗಡಿನ ಶೆಡ್ಡಿನಲ್ಲಿ ತೋಟಗಾರರು ಊಟ ಮುಗಿಸಿ ಕಾಲು ಚಾಚಿದ್ದರು. ಒಳಗೆ ಕಾದ ಹೆಂಚಿನಂಥ ಬಿಸಿ. ಸಲಿಕೆಗಳೆಲ್ಲ ಒಂದರ ಮೇಲೊಂದು ಮೂಲೆಯಲ್ಲಿ ಬಿದ್ದಿದ್ದವು. ಮೇಸ್ತ್ರಿ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದ.

“ಸುಳ್ಳು ಹೇಳಿದ್ದು ನಾನು. ಅಕ್ಕ ನಕ್ಷೆ ಓದಲೇ ಇಲ್ಲ. ನಾನು ಕೈ ಅಡ್ಡ ಇಟ್ಟಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ಕೆಲಸಕ್ಕೋಸ್ಕರ ನಾನೇ ನಿಮ್ಮೆಲ್ಲರಿಗೂ ಮೋಸ ಮಾಡಿದೆ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಗಿಯಲಿ, ಹೊಡೆಯಲಿ, ಆ ಸಲಿಕೆಯಲ್ಲೇ ಬಾರಿಸಲಿ ಎಂದು ಅವನು ತಲೆ ತಗ್ಗಿಸಿ ಕಾದ.

ಏಣಿ ಎದ್ದು ಬಂದ. ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

“ಅಕ್ಕನ ಮೇಲೆ ಇಷ್ಟೊಂದು ಪ್ರೀತಿನಾ ನಿನಗೆ?” ಅಂದ.

“ಪ್ರೀತಿ ಅಲ್ಲ ಏಣಿ. ನಿಜ ಹೇಳ್ತಿದ್ದೀನಿ.”

“ಆಯ್ತು, ಆಯ್ತು.”

“ಆಣೆ ಮಾಡಿ ಹೇಳ್ತೀನಿ!”

“ಆಣೆ ಎಲ್ಲ ಬೇಡಪ್ಪ,” ಎಂದಳು ಬೆಂಚಿನ ಮೇಲಿದ್ದ ದಪ್ಪ ಹೆಂಗಸು. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ನನಗೂ ತಮ್ಮಂದಿರಿದ್ದಾರೆ, ಯಾಕಿದ್ದಾರೆ ಅಂತ ಗೊತ್ತಿಲ್ಲ. ಅಕ್ಕ ಮಾಡಿದ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಹೀಗೆ ಬಂದು ನಿಂತ್ಕೊಳ್ಳೋರು ಯಾರಿದ್ದಾರೆ ಈ ಕಾಲದಲ್ಲಿ?”

ಮೇಸ್ತ್ರಿ ಕೂಗಿದ. ನಕ್ಷೆಯ ಯಾವ ಮೂಲೆಯಲ್ಲಿ ಏನಿತ್ತು, ತನ್ನ ಕೈ ಎಲ್ಲಿತ್ತು ಎಂದು ಗಾಳಿಯಲ್ಲಿ ಬರೆದು ತೋರಿಸಿದ. ಅವನು ಎಷ್ಟು ಬಿಡಿಸಿ ಹೇಳಿದನೋ ಅವರಿಗೆ ಅವನ ಮೇಲೆ ಅಷ್ಟು ಕನಿಕರ ಹೆಚ್ಚಿತು. ಪಾಪ, ರಾತ್ರಿಯೆಲ್ಲ ಕೂತು ಕತೆ ಜೋಡಿಸಿದ್ದಾನೆ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

“ನೋಡು,” ಅಂದ ಏಣಿ. “ನೀನು ಗೋಡೆ ಕೆಲಸ ಮಾಡೋಕೆ ಬಂದವನು. ನಿನ್ನ ಮೇಲೆ ನಮಗೇನೂ ಸಿಟ್ಟಿಲ್ಲ. ನೀನು ಹೇಳಿದ್ದಿದ್ರೂ ನಾವು ಕೋಣೆ ಬಿಡ್ತಿರಲಿಲ್ಲ. ಬಿಟ್ಟಿದ್ದು ಅವಳ ಮಾತಿಗೆ. ಅದಕ್ಕೇ ಹೊಟ್ಟೆ ಉರಿಯೋದು.” ಕೆಮ್ಮು ಬಂದು ಮಾತು ನಿಂತಿತು. ಸುಧಾರಿಸಿಕೊಂಡು ಹೇಳಿದ: “ಅವಳು ನಮಗೆ ಏನೇ ಮಾಡಿರಲಿ, ನಿನ್ನನ್ನ ಮಾತ್ರ ಚೆನ್ನಾಗಿ ಬೆಳೆಸಿದ್ದಾಳೆ.”

ಅವನು ಹೊರಗೆ ಬಂದ. ಗೊಬ್ಬರದ ಗುಂಡಿಯ ಹತ್ತಿರ ಅಕ್ಕ ಎಲೆ ಗುಡಿಸುತ್ತಿದ್ದಳು. ಅವನು ಹತ್ತಿರ ಬರುವವರೆಗೂ ತಲೆ ಎತ್ತಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತ ತೋಟಗಾರರು ಇಬ್ಬರನ್ನೂ ನೋಡುತ್ತಿದ್ದರು.

“ಹೇಳ್ದೆಯಾ?” ಎಂದು ಕೇಳಿದಳು.

“ಹೇಳ್ದೆ.”

“ಏನಂದ್ರು?”

ಅವನು ಶೆಡ್ಡಿನ ಕಡೆ ತಿರುಗಿ ನೋಡಿದ. ಅಕ್ಕ ಕುಂಟೆ ನಿಲ್ಲಿಸಿ ಕಾದಳು. ಅವಳ ಕಣ್ಣಲ್ಲಿ ಒಂದಿಷ್ಟು ಆಸೆ ಇತ್ತು. ಬೇಡ ಬೇಡ ಎಂದವಳೇ, ಆದರೂ ಇತ್ತು.

“ಹೇಳೋ. ನಂಬಿದ್ರಾ?”

“ಇಲ್ಲ,” ಅಂದ ಅವನು. ಇನ್ನು ಅವಳಿಗೆ ಸುಳ್ಳು ಹೇಳುವುದಿಲ್ಲ ಎಂದು ಅಷ್ಟರಲ್ಲಿ ನಿರ್ಧರಿಸಿದ್ದರಿಂದ ಉಳಿದದ್ದನ್ನೂ ಹೇಳಲೇಬೇಕಾಯಿತು. “ಒಳ್ಳೇ ತಮ್ಮ ಅಂದ್ರು.”

“ಹೌದಾ,” ಎಂದು ಅಕ್ಕ ತಲೆಯಾಡಿಸಿ, ಮತ್ತೆ ಎಲೆ ಗುಡಿಸತೊಡಗಿದಳು.